ಬೀದಿಗಿಳಿದ ಮೇಜುಗಳು

ಕಾಸರಗೋಡಿನ ಹಳೆ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ನಾಲ್ಕು ಮೇಜು, ಎಂಟು ಬೆಂಚು. 2020ರ ಮಳೆಗಾಲದಲ್ಲಿ ಕೊರೊನಾ ಅಂತ ಬೆಂಚುಗಳನ್ನೆಲ್ಲ ಮಗುಚಿ ಮೇಜಿನ ಮೇಲಿಟ್ಟಿದ್ದೆ. ಬರೇ ಪಾರ್ಸೆಲ್. ಗೋಳಿಬಜೆ ಕಾಗದದಲ್ಲಿ ಕಟ್ಟಿ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಅದನ್ನು ಯಾರು ತಿನ್ನುತ್ತಾರೆ?

ಜುಲೈಯಲ್ಲಿ ಅಕ್ಕನ ಮಗ ನ್ಯೂಯಾರ್ಕಿನಿಂದ ಫೋಟೊ ಕಳಿಸಿದ. ಕಾರು ಓಡುವ ಜಾಗದಲ್ಲಿ ಮೇಜು ಹಾಕಿ ಜನ ಊಟ ಮಾಡುತ್ತಿದ್ದರು! ಅಲ್ಲಿ ಜೂನ್ 22ರಿಂದಲೇ ಹೋಟೆಲಿನವರಿಗೆ ಫುಟ್‌ಪಾತ್, ರಸ್ತೆಬದಿ ಬಿಟ್ಟುಕೊಟ್ಟಿದ್ದರು. ಆಮೇಲೆ ವಾರದ ಕೊನೆಗೆ ಕೆಲವು ಬೀದಿಗಳನ್ನೇ ವಾಹನಗಳಿಗೆ ಮುಚ್ಚಿದರು. ಲಿಥುವೇನಿಯಾದ ವಿಲ್ನಿಯಸ್ ಊರಂತೂ ಏಪ್ರಿಲಿನಲ್ಲೇ ತನ್ನ ಚೌಕಗಳನ್ನು ಕೆಫೆಗಳಿಗೆ ಕೊಟ್ಟಿತ್ತು. ಗಾಳಿಯಾಡುವ ಕಡೆ ಸೋಂಕು ಹರಡುವುದು ಕಮ್ಮಿ, ಅಷ್ಟೇ ಲೆಕ್ಕ.

"ಮಾವ, ನೀವೂ ಹೀಗೆ ಮಾಡಿ" ಎಂದ. ಹೊರಗೆ ಆಟಿಯ ಮಳೆ ಧೋ ಎನ್ನುತ್ತಿತ್ತು. "ಇಲ್ಲಿ ಸಾಂಬಾರಿಗೆ ನೀರು ಬೆರೆಸುವ ಕೆಲಸ ಆಕಾಶವೇ ಮಾಡುತ್ತದೆ ಮಾರಾಯ" ಎಂದೆ.

ರಸ್ತೆ ಮುಚ್ಚುವುದು ಅಂದರೆ ನಮಗೆ ಬೇರೆಯೇ ನೆನಪು, ಅಲ್ವಾ? ಆ ಮಾರ್ಚಿನಲ್ಲಿ ಕೇರಳ-ಕರ್ನಾಟಕ ಗಡಿಯ ದಾರಿಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರದ ಕಡೆಯವರು ಪರದಾಡಿದರು. ಊಟಕ್ಕಾಗಿ ರಸ್ತೆ ಮುಚ್ಚಬಹುದು ಅಂತ ನನಗೆ ಹೊಳೆದದ್ದೇ ಆ ಫೋಟೊದಿಂದ.

ಡಿಸೆಂಬರಿನಲ್ಲಿ ಎರಡು ಬೆಂಚು ಎತ್ತಿ ಹಿತ್ತಲಿನ ಹಲಸಿನ ಮರದಡಿ ಹಾಕಿದೆ. ಈಗಲೂ ಹಳೆ ಗಿರಾಕಿಗಳು ಬಂದರೆ ಸೀದಾ ಹಿಂದೆ ಹೋಗಿ, ಅಲ್ಲಿ ಜಾಗ ಇದೆಯಾ ಅಂತ ನೋಡುತ್ತಾರೆ.