ಉಪವಾಸದ ದಿನ ಕೂಲಿ ಕೊಟ್ಟೆವಾ?

ಲೆಂಟ್, ಅಂದರೆ ಈಸ್ಟರ್‌ಗೆ ಮುಂಚೆ ಕ್ರೈಸ್ತರು ಆಚರಿಸುವ ನಲವತ್ತು ದಿನಗಳ ಉಪವಾಸ ಕಾಲ, ಶುರುವಾದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈ ಸಲ ಏನು ಬಿಟ್ಟಿದ್ದೀರಿ? ಒಬ್ಬರು ಮಾಂಸ, ಒಬ್ಬರು ಸಿಗರೇಟು, ಹುಡುಗರು ಇನ್‌ಸ್ಟಾಗ್ರಾಮ್. ನಾನು ಹೋದ ವರ್ಷ ಚಾಕೊಲೇಟ್ ಬಿಟ್ಟಿದ್ದೆ. ನಲವತ್ತು ದಿನ ಹಲ್ಲು ಕಚ್ಚಿಕೊಂಡಿದ್ದು ಈಸ್ಟರ್ ಬೆಳಿಗ್ಗೆ ಮೊದಲು ಬಾಯಿಗೆ ಹಾಕಿಕೊಂಡಿದ್ದು ಚಾಕೊಲೇಟ್ ಮೊಟ್ಟೆಯನ್ನೇ. ಆ ಕೋಕೋ ಕಾಯಿ ಯಾರು ಕೊಯ್ದರು ಅಂತ ಅಷ್ಟು ದಿನಗಳಲ್ಲಿ ಒಂದು ದಿನವೂ ಯೋಚಿಸಲಿಲ್ಲ. ಐವರಿ ಕೋಸ್ಟ್ ಮತ್ತು ಘಾನಾ, ಈ ಎರಡೇ ದೇಶಗಳ ಕೋಕೋ ತೋಟಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ದುಡಿಯುತ್ತಾರೆ ಎಂದು 2020ರಲ್ಲಿ ಬಂದ ಒಂದು ಅಧ್ಯಯನ ಹೇಳಿತ್ತು. (ಅವರೆಲ್ಲ ಗುಲಾಮರಲ್ಲ. ಬಹಳಷ್ಟು ಮಕ್ಕಳು ಮನೆಯವರ ತೋಟದಲ್ಲೇ ದುಡಿಯುವವರು. ಆದರೂ.)

ಲೆಂಟ್ ಶುರುವಾಗುವ ಬೂದಿ ಬುಧವಾರ ಕಳೆದು ಬರುವ ಶುಕ್ರವಾರ ಪೂಜೆಯಲ್ಲಿ ಬೈಬಲ್ಲಿನ ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಓದುತ್ತಾರೆ. ಕೇಡಿನ ಬಂಧ ಬಿಚ್ಚುವುದು, ನೊಗದ ಕಣ್ಣಿ ಕಳಚುವುದು, ತುಳಿತಕ್ಕೆ ಸಿಕ್ಕವರನ್ನು ಬಿಡಿಸುವುದು, ಇದೇ ನನಗೆ ಇಷ್ಟವಾದ ಉಪವಾಸ ಅಂತ ದೇವರು ಹೇಳುವ ಆರನೇ ವಚನ ಎಲ್ಲರಿಗೂ ಗೊತ್ತು, ಪೋಸ್ಟರ್ ಮೇಲೂ ಬರುತ್ತದೆ. ಮೂರನೇ ವಚನವನ್ನು ಮಾತ್ರ ಯಾರೂ ಪೋಸ್ಟರ್ ಮಾಡುವುದಿಲ್ಲ. ಉಪವಾಸದ ದಿನವೇ ನಿಮ್ಮ ಆಳುಗಳನ್ನು ಹಿಂಡುತ್ತೀರಲ್ಲ ಎಂದು ಅಲ್ಲಿ ಬೈಗುಳ ಇದೆ. ಅದು ದೂರದ ಯಾವನೋ ದುಷ್ಟನಿಗೆ ಹೇಳಿದ್ದಲ್ಲ, ಉಪವಾಸ ಕೂತ ಭಕ್ತರಿಗೇ ಹೇಳಿದ್ದು.

ಗುಲಾಮಗಿರಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಸಂಕೋಲೆ ಬರುತ್ತದೆ. ಈಗ ಅದೆಲ್ಲ ಬೇಕಾಗಿಲ್ಲ. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿದ್ದರೆ ಸಾಕು. ಕೆಲಸ ಕೊಡಿಸಿದ ಏಜೆಂಟನಿಗೆ ಕೊಡಬೇಕಾದ ಸಾಲ ತೀರದೆ ಬೆಳೆಯುತ್ತಿದ್ದರೆ ಸಾಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇನ್ನೆರಡು ಸಂಸ್ಥೆಗಳ ಜೊತೆ ಸೇರಿ 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಹಿಂದಿನ ವರ್ಷ ಜಗತ್ತಿನಲ್ಲಿ 4.96 ಕೋಟಿ ಜನ ಇಂಥ ಸ್ಥಿತಿಯಲ್ಲಿದ್ದರು. 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿ, 2.2 ಕೋಟಿ ಜನ ಬಲವಂತದ ಮದುವೆಯಲ್ಲಿ. ಜನರನ್ನು ಕಟ್ಟಿಹಾಕಲು ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವ ಉಪಾಯ ಯಾವುದು ಗೊತ್ತಾ? ಹೊಡೆತ ಅಲ್ಲ, ಸಂಬಳ ಹಿಡಿದಿಟ್ಟುಕೊಳ್ಳುವುದು. ಬಿಟ್ಟು ಹೋದರೆ ದುಡಿದಿದ್ದೂ ಹೋಯಿತು ಅನ್ನುವ ಭಯ. ಬೈಬಲ್ಲಿನ ಯಾಕೋಬನ ಪತ್ರದಲ್ಲಿ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಅನ್ನುವ ಮಾತಿದೆಯಲ್ಲ, ಅದನ್ನು ಈ ಲೆಕ್ಕದ ಪಕ್ಕ ಇಟ್ಟು ಓದಿದಾಗ ನನಗೆ ಮೈ ಜುಮ್ಮೆಂದಿತು.

ಹಾಗಾಗಿ ಚರ್ಚು ಏನು ಮಾಡಬೇಕು ಅಂತ ಕೇಳಿದರೆ, ಮೊದಲು ತನ್ನ ಲೆಕ್ಕದ ಪುಸ್ತಕ ತೆಗೆಯಲಿ ಅನ್ನುತ್ತೇನೆ. ಕಸ ಗುಡಿಸುವವರು, ಕಾವಲುಗಾರರು, ಕಟ್ಟಡ ರಿಪೇರಿಗೆ ಬಂದವರು ಯಾರ ಕೆಳಗೆ ಕೆಲಸ ಮಾಡುತ್ತಾರೆ? ನಾವು ಗುತ್ತಿಗೆದಾರನಿಗೆ ಕೊಟ್ಟ ದುಡ್ಡಿನಲ್ಲಿ ಅವರ ಕೈಗೆ ಎಷ್ಟು ಹೋಯಿತು? ಕೆಲಸ ಸಿಗುವುದಕ್ಕೆ ಅವರೇ ಯಾರಿಗಾದರೂ ದುಡ್ಡು ಕೊಟ್ಟಿದ್ದಾರಾ? ನಾನು ಇದನ್ನು ನಮ್ಮ ಚರ್ಚ್ ಕಮಿಟಿಯಲ್ಲಿ ಕೇಳಿದೆ. ಎಲ್ಲರಿಗಿಂತ ಕಡಿಮೆ ರೇಟು ಹಾಕಿದವನಿಗೆ ಕೊಟ್ಟಿದ್ದೇವೆ, ಮತ್ತೇನು ಅಂದರು. ಆ ಕಡಿಮೆ ರೇಟು ಯಾರ ಹೊಟ್ಟೆಯಿಂದ ಬಂತು ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಈಸ್ಟರ್ ಅಲಂಕಾರದ ವಿಷಯಕ್ಕೆ ಹೋದರು.

ಹಳೆಯ ಲೆಕ್ಕವೂ ಇದೆ. ಬಾರ್ಬಡೋಸ್ ದ್ವೀಪದ ಕಾಡ್ರಿಂಗ್ಟನ್ ಕಬ್ಬಿನ ತೋಟಗಳು 1710ರಲ್ಲಿ ಉಯಿಲಿನ ಮೂಲಕ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಮಿಷನ್ ಸಂಸ್ಥೆಯ ಕೈಗೆ ಬಂದವು, ಅಲ್ಲಿನ ಗುಲಾಮರ ಎದೆಗೆ ಆ ಸಂಸ್ಥೆಯ ಗುರುತಾಗಿ 'ಸೊಸೈಟಿ' ಎಂದು ಬರೆ ಹಾಕುತ್ತಿದ್ದರು. ಅಮೆರಿಕದಲ್ಲಿ 1838ರಲ್ಲಿ ಕ್ಯಾಥೊಲಿಕ್ ಪಾದ್ರಿಗಳ ಸಂಘವಾದ ಜೆಸ್ವಿಟರು ತಮ್ಮ ಗುಲಾಮರಾಗಿದ್ದ 272 ಜನರನ್ನು ಮಾರಿದರು, ಆ ದುಡ್ಡಿನಲ್ಲಿ ಒಂದು ಪಾಲು ತಮ್ಮ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಪಾಪ ಒಪ್ಪಿಕೊಳ್ಳುವ ಕಾಲ ಇದು ಅಂತೀವಲ್ಲ. ಇದನ್ನೂ ಬಾಯಿಬಿಟ್ಟು ಹೇಳೋಣ.

ಇನ್ನು ಮದುವೆ. ಆ 2.2 ಕೋಟಿ ಸಂಖ್ಯೆ ಕೇಳಿದಾಗ ಪ್ರತಿಯೊಬ್ಬ ಫಾದರೂ ಪಾಸ್ಟರೂ ಎದ್ದು ಕೂರಬೇಕು, ಯಾಕೆಂದರೆ ಮದುವೆ ಮಾಡಿಸುವವರು ಅವರೇ. ಒಪ್ಪಿಗೆ ಇದೆಯಾ ಅಂತ ಪೀಠದ ಮುಂದೆ ಕೇಳುತ್ತಾರೆ ನಿಜ. ಎರಡೂ ಮನೆಯವರು ಹಿಂದೆ ನಿಂತು ನೋಡುತ್ತಿರುವಾಗ ಯಾವ ಹುಡುಗಿ ಇಲ್ಲ ಅಂದಾಳು? ವಾರಗಳ ಮುಂಚೆಯೇ ಅವಳನ್ನೊಬ್ಬಳನ್ನೇ ಕೂರಿಸಿ, ಮನೆಯವರು ಕೇಳಿಸಿಕೊಳ್ಳದ ಕಡೆ, ನಿಧಾನವಾಗಿ ಕೇಳಬೇಕು. ಹುಡುಗನನ್ನೂ ಕೇಳಬೇಕು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಮನೆಗೆಲಸಕ್ಕೆಂದು ದೂರದಿಂದ ಕರೆತಂದು ಕೂಡಿಹಾಕಿಕೊಂಡ ಹೆಂಗಸಿಗೆ ಹೊರಗೆ ಹೋಗಲು ಸಿಗುವ ಒಂದೇ ಜಾಗ ಭಾನುವಾರದ ಚರ್ಚು ಆಗಿರಬಹುದು. ಅವಳು ನಮ್ಮ ಪಕ್ಕದ ಬೆಂಚಿನಲ್ಲೇ ಕೂತಿರಬಹುದು. ಯಾವಾಗಲೂ ಜೊತೆಗೆ ಯಾರೋ ಇರುತ್ತಾರೆ, ಏನು ಕೇಳಿದರೂ ಅವರೇ ಉತ್ತರ ಕೊಡುತ್ತಾರೆ, ಪೂಜೆ ಮುಗಿದ ತಕ್ಷಣ ಹೊರಟುಬಿಡುತ್ತಾರೆ. ಅದಕ್ಕೇ ಸಹಾಯವಾಣಿ ನಂಬರನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ, ಅವಳಿಗೆ ಓದಲು ಬರುವ ಭಾಷೆಯಲ್ಲಿ ಅಂಟಿಸಬೇಕು. ಅನುಮಾನ ಬಂದರೆ ಮಾಲೀಕನ ಹತ್ತಿರ ಜಗಳಕ್ಕೆ ಹೋಗಬಾರದು. ನಾವು ಜಗಳ ಮುಗಿಸಿ ಮನೆಗೆ ಬರುತ್ತೇವೆ, ಏಟು ಅವಳಿಗೆ ಬೀಳುತ್ತದೆ. ಗೊತ್ತಿರುವವರಿಗೆ, ಸಹಾಯವಾಣಿಗೋ ಪೊಲೀಸರಿಗೋ ತಿಳಿಸಬೇಕು.

ಗುಲಾಮಳಾಗಿದ್ದು ಮುಂದೆ ಸಂತಳಾದ ಬಕಿತಾಳ ಕಥೆಯಲ್ಲಿ ನನಗೆ ಇಷ್ಟವಾಗುವುದು ಇದೇ. ಸುಡಾನಿನಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಕದ್ದೊಯ್ದು ಮತ್ತೆ ಮತ್ತೆ ಮಾರಿದ್ದ ಅವಳು ಕೊನೆಗೆ ಇಟಲಿಗೆ ಬಂದಳು. ವೆನಿಸ್ಸಿನಲ್ಲಿ ಸಿಸ್ಟರ್‌ಗಳ ಮನೆಯಲ್ಲಿದ್ದಾಗ ಯಜಮಾನಿ ವಾಪಸ್ ಕರೆದೊಯ್ಯಲು ಬಂದಳು. ಬರುವುದಿಲ್ಲ ಅಂದಳು ಬಕಿತಾ. ಸಿಸ್ಟರ್‌ಗಳು ಅವಳ ಬೆನ್ನಿಗೆ ನಿಂತು ಅಧಿಕಾರಿಗಳಿಗೆ ದೂರು ಕೊಟ್ಟರು. 1889ರಲ್ಲಿ ಕೋರ್ಟು ಅವಳು ಸ್ವತಂತ್ರಳು ಎಂದು ತೀರ್ಪು ಕೊಟ್ಟಿತು. ಬಾಗಿಲು ಒಡೆದು ಯಾರೂ ವೀರರಾಗಲಿಲ್ಲ. ಇಲ್ಲ ಅಂದಿದ್ದು ಅವಳೇ, ಆ ಮಾತು ನಿಲ್ಲುವ ಹಾಗೆ ನೋಡಿಕೊಂಡಿದ್ದು ಅವರು. ಮುಂದೆ ಅವಳೂ ಸಿಸ್ಟರ್ ಆದಳು, 2000ದಲ್ಲಿ ಸಂತಳೆಂದು ಘೋಷಿಸಿದರು. ಅವಳು ತೀರಿಕೊಂಡ ಫೆಬ್ರವರಿ 8 ಈಗ ಮಾನವ ಸಾಗಣೆಯ ವಿರುದ್ಧ ಪ್ರಾರ್ಥನೆಯ ದಿನ, ಅದು ಲೆಂಟ್‌ಗೆ ಹತ್ತಿರವೇ ಬರುತ್ತದೆ.

ಒಂದು ಬೇಡಿಕೆ. ಬಿಡುಗಡೆಯಾಗಿ ಬಂದವರನ್ನು ಮೈಕಿನ ಮುಂದೆ ನಿಲ್ಲಿಸಿ ಅಳಿಸಬೇಡಿ. ಕಾಣಿಕೆ ಜಾಸ್ತಿ ಬೀಳಬಹುದು, ಆದರೆ ಅವರ ನೋವನ್ನು ಇನ್ನೊಮ್ಮೆ ಮಾರಿದಂತೆ ಆಗುತ್ತದೆ. ಅವರಿಗೆ ಬೇಕಾಗಿರುವುದು ಮನೆ, ಕೆಲಸ, ವಕೀಲರು. ಆ ಕಾಣಿಕೆ ಅದಕ್ಕೆ ಹೋಗಲಿ, ಒಂದು ಭಾನುವಾರಕ್ಕೆ ಮುಗಿಯದೆ ಎರಡು ಮೂರು ವರ್ಷ ಹೋಗಲಿ.

ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆ ಶಿಲುಬೆ ಹಾದಿ. ಈ ಶುಕ್ರವಾರ ಅದರಲ್ಲಿ ಐದನೇ ಸ್ಥಳ ಓದುವ ಸರದಿ ನನ್ನದು. ಸೀಮೋನನು ಯೇಸುವಿಗೆ ಶಿಲುಬೆ ಹೊರಲು ಸಹಾಯ ಮಾಡಿದನು ಅಂತ ವರ್ಷ ವರ್ಷವೂ ಓದುತ್ತೇವೆ. ಸುವಾರ್ತೆ ತೆಗೆದು ನೋಡಿದರೆ ಅವನಾಗಿ ಮುಂದೆ ಬಂದ ಅಂತ ಎಲ್ಲೂ ಇಲ್ಲ. ಹೊಲದ ಕಡೆಯಿಂದ ಬರುತ್ತಿದ್ದವನು. ಸುಮ್ನೆ ತನ್ನ ದಾರಿಯಲ್ಲಿ ಹೋಗುತ್ತಿದ್ದವನನ್ನು ಸೈನಿಕರು ಬಿಟ್ಟಿ ಹಿಡಿದರು. ಪುಸ್ತಕದ ಸಾಲು ಹೊಡೆದು ಹಾಕಿ ಹಾಗೇ ಬರೆದುಕೊಂಡಿದ್ದೇನೆ. ಫಾದರ್‌ಗೆ ಇನ್ನೂ ತೋರಿಸಿಲ್ಲ.