ಪತಂಗ ಒಂದು ರಾತ್ರಿಗೆ ಎಷ್ಟು ದೂರ ಹಾರುತ್ತದೆ?

ಎಳೆಯದಿದ್ದಾಗ ಬೆಳೆ ತಿಂದು, ಬೆಳೆದ ಮೇಲೆ ಪತಂಗವಾಗಿ ಹಾರುವ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಬಂದ ಮೇಲೆ ಮೆಕ್ಕೆಜೋಳ ಬೆಳೆಯುವವರು ನನಗೆ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ಪಕ್ಕದ ತಾಲ್ಲೂಕಿನಲ್ಲಿ ಕಾಣಿಸಿಕೊಂಡರೆ ನಮ್ಮ ಹೊಲಕ್ಕೆ ಬರಲು ಎಷ್ಟು ದಿನ ಬೇಕು ಅಂತ ಯಾರಿಗಾದರೂ ಚಿಂತೆ ಆಗುತ್ತದೆ, ಅಲ್ವಾ? ಅಮೆರಿಕ ಖಂಡದ ಈ ಕೀಟ ಆಫ್ರಿಕಾದಲ್ಲಿ ಕಾಣಿಸಿದ್ದು 2016ರಲ್ಲಿ. 2018ರ ಮೇ ತಿಂಗಳಿಗೆ ನಮ್ಮ ಶಿವಮೊಗ್ಗದಲ್ಲಿತ್ತು, ಭಾರತದಲ್ಲೇ ಮೊದಲು. ತವರಿನಲ್ಲೂ ಇದು ಸುಮ್ನೆ ಒಂದು ಕಡೆ ಕೂರುವ ಜೀವ ಅಲ್ಲ. ಹಿಮ ಬಿದ್ದರೆ ಸಾಯುತ್ತದೆ, ಹಾಗಾಗಿ ಚಳಿಗಾಲದಲ್ಲಿ ಫ್ಲಾರಿಡಾ ಮತ್ತು ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ ಉಳಿದುಕೊಂಡು, ಪ್ರತಿ ವರ್ಷ ತಲೆಮಾರಿನ ಮೇಲೆ ತಲೆಮಾರು ಉತ್ತರಕ್ಕೆ ಸರಿಯುತ್ತಾ ಕೆನಡಾವರೆಗೂ ಹೋಗುತ್ತದೆ.

ಈ ಹಾರಾಟವನ್ನು ಲ್ಯಾಬ್‌ನಲ್ಲಿ ಅಳೆಯುವ ಸಾಧನದ ಹೆಸರು ಫ್ಲೈಟ್ ಮಿಲ್. ನಡುವೆ ಒಂದು ನಿಂತ ಕಂಬಿ, ಅದರ ಮೇಲೆ ತಿರುಗುವ ತೀರಾ ಹಗುರವಾದ ತೋಳು, ತೋಳಿನ ತುದಿಯಲ್ಲಿ ಪತಂಗ. ಗಾಣದ ಎತ್ತಿನ ಹಾಗೆ ಅದು ಸುತ್ತುತ್ತದೆ. ಪ್ರತಿ ಸುತ್ತನ್ನೂ ಒಂದು ಸೆನ್ಸರ್ ಎಣಿಸಿ, ಹೊತ್ತಿನ ಸಮೇತ ಕಂಪ್ಯೂಟರ್‌ಗೆ ಕಳಿಸುತ್ತದೆ. ಒಂದು ಸುತ್ತು 50 ಸೆಂ.ಮೀ. ಇದ್ದರೆ 2,000 ಸುತ್ತಿಗೆ ಒಂದು ಕಿಲೋಮೀಟರ್, ಲೆಕ್ಕ ಅಷ್ಟೇ.

ಲೆಕ್ಕ ಸುಲಭ, ಪತಂಗವನ್ನು ತೋಳಿಗೆ ಕಟ್ಟುವುದು ಕಷ್ಟ. ಸೈನಿಕ ಹುಳುಗಳು ಒಂದನ್ನೊಂದು ತಿನ್ನುತ್ತವೆ, ಹಾಗಾಗಿ ಮರಿಹುಳು ದೊಡ್ಡದಾಗುತ್ತಿದ್ದಂತೆ ಒಂದೊಂದನ್ನೂ ಬೇರೆ ಬೇರೆ ಕಪ್‌ನಲ್ಲಿ ಸಾಕಬೇಕು. ಮರಿಹುಳು ಕೋಶ (ಪ್ಯೂಪಾ) ಆದಾಗಲೇ ಗಂಡು ಹೆಣ್ಣು ಬೇರೆ ಮಾಡಿಕೊಳ್ಳಬೇಕು. ಪತಂಗ ಹೊರಬಂದ ಮೇಲೆ ಹತ್ತಿಯಲ್ಲಿ ಜೇನುನೀರು ಕೊಟ್ಟು, ಹಾರಿಸುವ ದಿನ ಸ್ವಲ್ಪ ಹೊತ್ತು ತಣ್ಣಗಿಟ್ಟರೆ ಮಂಕಾಗಿ ಕೂರುತ್ತದೆ. ಆಗ ಬೆನ್ನಿನ ಮೇಲಿನ, ಅಂದ್ರೆ ರೆಕ್ಕೆಗಳ ನಡುವಿನ ಪುಡಿಯಂಥ ಹುರುಪೆಗಳನ್ನು ಸಣ್ಣ ಬ್ರಷ್‌ನಿಂದ ಒರೆಸಬೇಕು. ಇಲ್ಲದಿದ್ದರೆ ಅಂಟು ಹಿಡಿಯುವುದು ಮೈಗಲ್ಲ, ಹುರುಪೆಗೆ. ಅರ್ಧ ರಾತ್ರಿಯಲ್ಲಿ ಪತಂಗ ಕಳಚಿಕೊಂಡು ಹೋಗುತ್ತದೆ. ಆಮೇಲೆ ಒಂದು ಚುಕ್ಕೆ ಅಂಟು, ಅದರ ಮೇಲೆ ಸಣ್ಣ ಸೂಜಿ. ಅಂಟು ಒಂಚೂರು ಪಕ್ಕಕ್ಕೆ ಹರಿದು ರೆಕ್ಕೆಯ ಬುಡಕ್ಕೆ ತಾಗಿದರೂ ಆ ಪತಂಗ ಲೆಕ್ಕಕ್ಕಿಲ್ಲ. ತೋಳಿಗೆ ಸಿಕ್ಕಿಸಿದ ಮೇಲೆ ಕಾಲಿಗೆ ಹಿಡಿದುಕೊಳ್ಳಲು ಒಂದು ತುಂಡು ಟಿಶ್ಯೂ ಪೇಪರ್ ಕೊಡುತ್ತೇವೆ. ಕತ್ತಲಾದ ಮೇಲೆ ಆ ಪೇಪರ್ ತೆಗೆದರೆ ರೆಕ್ಕೆ ಸಣ್ಣಗೆ ನಡುಗಲು ಶುರುವಾಗುತ್ತದೆ, ಮೈ ಬಿಸಿಯೇರುತ್ತದೆ, ತೋಳು ತಿರುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಆದರೆ ಎಚ್ಚರ ಬೇಕಾಗಿರುವುದೂ ಇಲ್ಲೇ. ಕಾಲಿಗೆ ಆಧಾರ ತಪ್ಪಿದರೆ ರೆಕ್ಕೆ ಬಡಿಯುವುದು ಕೀಟಗಳ ಮೈಗುಣ. ಅದು ಹಾರುತ್ತಿರುವುದು ಹೋಗಬೇಕು ಅಂತಲೋ, ಕಾಲೂರಲು ಜಾಗ ಇಲ್ಲ ಅಂತಲೋ? ಮೇಲಾಗಿ ಮೈಭಾರವನ್ನು ತೋಳು ಹೊತ್ತಿರುತ್ತದೆ, ಹಾಗಾಗಿ ಮೇಲೇಳುವ ಶ್ರಮ ಉಳಿಯುತ್ತದೆ; ಇನ್ನೊಂದು ಕಡೆ ಅದೇ ತೋಳನ್ನು ರಾತ್ರಿಯಿಡೀ ಎಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆಯಲ್ಲಿ ಗಾಳಿ ಇಲ್ಲ. ಇಂಗ್ಲೆಂಡಿನಲ್ಲಿ ರೇಡಾರ್ ಇಟ್ಟು ಸಿಲ್ವರ್ ವೈ ಅನ್ನುವ ಪತಂಗವನ್ನು ನೋಡಿದಾಗ, ಅವು ನೂರಾರು ಮೀಟರ್ ಮೇಲೇರಿ, ತಾವು ಹೋಗಬೇಕಾದ ಕಡೆಗೆ ಬೀಸುವ ಗಾಳಿ ಇರುವ ರಾತ್ರಿಗಳನ್ನೇ ಆರಿಸಿಕೊಳ್ಳುವುದು ಗೊತ್ತಾಯಿತು. ರೆಕ್ಕೆ ಬಲ ಸೆಕೆಂಡಿಗೆ ನಾಲ್ಕೈದು ಮೀಟರ್ ಅಷ್ಟೇ, ಆದರೆ ಗಾಳಿ ಸೇರಿದರೆ ಗಂಟೆಗೆ 30ರಿಂದ 65 ಕಿ.ಮೀ. ವೇಗ.

ಹಾಗಾಗಿ ಫ್ಲೈಟ್ ಮಿಲ್‌ನಲ್ಲಿ 20 ಕಿ.ಮೀ. ಬಂತು ಅಂದ್ರೆ ಮ್ಯಾಪ್ ಮೇಲೆ 20 ಕಿ.ಮೀ. ಗೆರೆ ಹಾಕಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕಂದ್ರೆ ವಾಟ್ಸಾಪ್‌ನಲ್ಲಿ 'ಒಂದೇ ರಾತ್ರಿಗೆ ಇಷ್ಟು ಕಿಲೋಮೀಟರ್' ಅನ್ನುವ ಮೆಸೇಜ್ ಓಡಾಡಿ ರೈತರು ಹೆದರಿ, ಹುಳು ಬರುವ ಮೊದಲೇ ಔಷಧಿ ಹೊಡೆಯುವುದನ್ನು ನೋಡಿದ್ದೇನೆ.

ಹಾಗಾದರೆ ಇಷ್ಟೆಲ್ಲ ಯಾಕೆ? ಹೋಲಿಸುವುದಕ್ಕೆ. ಒಂದೇ ಕೋಣೆ, ಒಂದೇ ತಾಪಮಾನ, ಒಂದೇ ತೋಳು ಇಟ್ಟುಕೊಂಡು ಇದಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಈ ಸಾಧನ ತುಂಬಾ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು 2016ರಲ್ಲಿ 24 ಜಾತಿಯ ಪತಂಗಗಳನ್ನು, 40 ಮಿಲಿಗ್ರಾಂ ತೂಗುವುದರಿಂದ ಹಿಡಿದು 660 ಮಿಲಿಗ್ರಾಂ ತೂಗುವವರೆಗೆ, ಒಂದೇ ಬಗೆಯ ಮಿಲ್‌ಗಳಲ್ಲಿ ಹಾರಿಸಿದರು. ಅಲ್ಲಿ ಬಂದ ಫಲಿತಾಂಶ, ಯಾವುದು ದೂರ ಹೋಗುವ ಜಾತಿ ಅಂತ ಹೊಲ-ಕಾಡು ಬಲ್ಲವರು ಮೊದಲೇ ಹೇಳುತ್ತಿದ್ದುದಕ್ಕೆ ತಾಳೆಯಾಯಿತು. ನನಗೆ ಈ ಸಾಧನದ ಮೇಲೆ ನಂಬಿಕೆ ಇರುವುದು ಇದರಿಂದಲೇ.

ಒಟ್ಟು ದೂರಕ್ಕಿಂತ ಹಾರಾಟದ ಲಯ ನೋಡುವುದು ನನಗೆ ಹೆಚ್ಚು ಇಷ್ಟ. ಎರಡು ಪತಂಗಗಳು ಅಷ್ಟೇ ದೂರ ಹೋಗಿರಬಹುದು, ಆದರೆ ಒಂದು ಸಂಜೆ ಹೊರಟು ಗಂಟೆಗಟ್ಟಲೆ ನಿಲ್ಲದೆ ಹಾರಿದೆ, ಇನ್ನೊಂದು ಐದೈದು ನಿಮಿಷಕ್ಕೆ ನಿಂತು ನಿಂತು ಸಾಗಿದೆ. ಮೊದಲನೆಯದು ಊರು ಬಿಡುವ ಜಾತಿ, ಎರಡನೆಯದು ಹೊಲದಲ್ಲೇ ಗಿಡದಿಂದ ಗಿಡಕ್ಕೆ ಸುತ್ತುವಂಥದ್ದು ಅಂತ ಊಹಿಸಲು ಅಲ್ಲಿ ಆಧಾರ ಸಿಗುತ್ತದೆ. ವಯಸ್ಸಿನದೂ ದೊಡ್ಡ ಪಾತ್ರ. ಹಲವು ವಲಸೆ ಪತಂಗಗಳಲ್ಲಿ ಹೆಣ್ಣು ಮೊಟ್ಟೆ ಬಲಿಯುವ ಮೊದಲೇ ದೂರ ಹಾರಿಬಿಡುತ್ತದೆ, ಮೊಟ್ಟೆ ತುಂಬಿಕೊಂಡ ಮೇಲೆ ಹಾರಾಟ ಕಡಿಮೆ. ಅದಕ್ಕೇ ಬೆಳಗ್ಗೆ ಮಿಲ್‌ನಿಂದ ಇಳಿಸಿದ ಹೆಣ್ಣನ್ನು ಸೀಳಿ ಅಂಡಾಶಯ ನೋಡುತ್ತೇವೆ. ಅಲ್ಲೇ ಕೊಬ್ಬು ಎಷ್ಟು ಉಳಿದಿದೆ ಅಂತಲೂ ನೋಡಬಹುದು, ಏಕೆಂದರೆ ಪತಂಗ ಹೊರಡುವಾಗ ಸಕ್ಕರೆ ಸುಟ್ಟು, ದೂರದ ದಾರಿಗೆ ಕೊಬ್ಬು ಸುಡುತ್ತದೆ. ಜೇನುನೀರು ಸಿಗದ ಪತಂಗವನ್ನು ಹಾರಿಸಿ, ಈ ಜಾತಿಗೆ ದೂರ ಹಾರಲು ಬರುವುದಿಲ್ಲ ಅಂತ ಬರೆದರೆ ಅದು ಹಸಿವನ್ನು ಅಳೆದಂತೆ.

ನಮ್ಮಲ್ಲಿ ಆಗಬೇಕಾದ್ದು ಬೇಕಾದಷ್ಟಿದೆ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳದಿಂದ ಹಿಡಿದ ಸೈನಿಕ ಹುಳು, ಕಲಬುರಗಿಯ ತೊಗರಿಯಿಂದ ಹಿಡಿದ ಕಾಯಿಕೊರಕ, ಇವನ್ನು ಮುಂಗಾರಿನ ತಾಪಮಾನದಲ್ಲೊಮ್ಮೆ, ಹಿಂಗಾರಿನ ತಾಪಮಾನದಲ್ಲೊಮ್ಮೆ ಹಾರಿಸಿ, ಅದೇ ವಾರಗಳ ಮೋಹಕ ಬಲೆಯ (ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ) ಲೆಕ್ಕ ಮತ್ತು ಗಾಳಿಯ ದಿಕ್ಕಿನ ಪಕ್ಕ ಇಟ್ಟು ನೋಡಬೇಕು. ಮಿಲ್ ಕಟ್ಟಲು ಕೋಟಿ ಕೋಟಿ ಬೇಡ, ಹಗುರ ತೋಳು ಮತ್ತು ತಾಳ್ಮೆಯ ಕೈ ಸಾಕು. ಕೃಷಿ ಓದುತ್ತಿರುವ ಯಾರಿಗಾದರೂ ಆಸಕ್ತಿ ಇದ್ದರೆ ಬರೆಯಿರಿ, ಅಂಟು ಹಾಕುವುದನ್ನು ನಾನು ಕಲಿಸುತ್ತೇನೆ.