ಮಾತಾಡುವ ಗುಂಡಿ, ಕಂತು 7: ಚಿರತೆ ಬಂತು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಪಾರ್ಕ್ ಗೇಟಿನ ಎದುರಿನ ಕಂಬ "ಚಿರತೆ ಬಂತು, ಓಡಿ! ಓಡಿ!" ಅಂತ ಕೂಗಿತು. ಬೇರೆ ಊರಾಗಿದ್ದರೆ ಜನ ನಕ್ಕು ಮುಂದೆ ಹೋಗುತ್ತಿದ್ದರೇನೋ. ಇದು ಮೈಸೂರು. ಇಲ್ಲಿ ಚಿರತೆ ಅಂದರೆ ವಾಕಿಂಗ್ ಮಂಡಳಿಯವರು ದೊಣ್ಣೆ ಹುಡುಕುತ್ತಾರೆ, ಹೋದ ವರ್ಷದ ಸಿಸಿಟಿವಿ ತುಣುಕು ವಾಟ್ಸ್‌ಆ್ಯಪ್ ಗುಂಪಿಗೆ ಹೊಸದಾಗಿ ಬಂದು ಬೀಳುತ್ತದೆ. ಏಳು ಗಂಟೆಗೆ ಬಡಾವಣೆ ಸಂಘದ ಕಾರ್ಯದರ್ಶಿಗಳ ಫೋನು: "ಏನ್ರೀ ಇದು, ನಿಮ್ ಗುಂಡಿ ಏನೇನೋ ಬಡ್ಕೋತಿದೆ?"

ಹಿಂದಿನ ಕಂತು ಓದದವರಿಗೆ ಚುಟುಕಾಗಿ: ಗುಂಡಿ ಅಂದರೆ ಒತ್ತುವ ಗುಂಡಿ. ಅನುಮತಿ ಕೇಳಲು ಹೋದಾಗ ಇದೇ ಕಾರ್ಯದರ್ಶಿಗಳು "ರಸ್ತೇಲಿ ಇರೋ ಗುಂಡಿ ಸಾಲ್ದು ಅಂತ ನೀವು ಬೇರೆ ಹಾಕ್ತೀರಾ?" ಅಂದಿದ್ದರು. ಬಡಾವಣೆಯ ಒಳರಸ್ತೆಯಲ್ಲಿ ದಾಟುವ ಜಾಗ ಎರಡು, ಕಂಬ ನಾಲ್ಕು. ಒತ್ತಿದರೆ ಹಳದಿ ದೀಪ ಇಪ್ಪತ್ತು ಸೆಕೆಂಡು ಮಿನುಗುತ್ತದೆ, ಸ್ಪೀಕರ್ "ದೀಪ ಮಿನುಗುತ್ತಿದೆ, ಗಾಡಿ ಸದ್ದು ಕೇಳಿಕೊಂಡು ದಾಟಿ" ಅನ್ನುತ್ತದೆ. ಒಳಗೆ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪು), ಮ್ಯಾಕ್ಸ್98357 ಆ್ಯಂಪು, ಮೂರು ವಾಟಿನ ಸ್ಪೀಕರು. ಮಾತು ಬದಲಾಯಿಸಲು ಪ್ರತಿ ಕಂಬಕ್ಕೂ ತನ್ನದೇ ವೈಫೈ ಹಾಟ್‌ಸ್ಪಾಟ್. ಅದನ್ನೆಲ್ಲ ಆರು ಕಂತು ಅರೆದಾಗಿದೆ, ಮತ್ತೆ ಬೇಡ.

ಕಳ್ಳ ಅರ್ಧ ಗಂಟೆಯಲ್ಲಿ ಸಿಕ್ಕ. ಪೊಲೀಸ್ ಬುದ್ಧಿ ಏನೂ ಬೇಕಾಗಲಿಲ್ಲ, ದನಿ ಕೇಳಿದ ಕೂಡಲೇ ಅವನ ಅಮ್ಮನಿಗೇ ಗೊತ್ತಾಯಿತು. ಹಿಂದಿನ ಬೀದಿಯ ಎಂಟನೇ ಕ್ಲಾಸಿನ ಹುಡುಗ.

"ಹೇಗೋ ಮಾಡ್ದೆ?"

"ಅಂಕಲ್, ವೈಫೈ ಲಿಸ್ಟಲ್ಲಿ ಗುಂಡಿ-1 ಅಂತ ಬಂತು. 12345678 ಹಾಕ್ದೆ. ಆಮೇಲೆ ಆಡಿಯೋ ಅಪ್‌ಲೋಡ್ ಅಂತ ನೀವೇ ಬಟನ್ ಇಟ್ಟಿದ್ರಲ್ಲ."

"ಎಷ್ಟು ಪಾಸ್‌ವರ್ಡ್ ಟ್ರೈ ಮಾಡ್ದೆ?"

"ಅದೇ ಫಸ್ಟು."

ವೈಫೈಗೆ ಎಂಟಕ್ಷರಕ್ಕಿಂತ ಕಡಿಮೆ ಪಾಸ್‌ವರ್ಡ್ ಇಡಲು ಬರುವುದಿಲ್ಲ. ಬರುತ್ತಿದ್ದರೆ 1234ಕ್ಕೇ ನಿಲ್ಲಿಸುತ್ತಿದ್ದೆ ಎಂದು ಇಲ್ಲೇ ಒಪ್ಪಿಕೊಳ್ಳುತ್ತೇನೆ. "ಮೇಜಿನ ಮೇಲೆ ಇರೋವರೆಗೂ ಸಾಕು, ಕಂಬಕ್ಕೆ ಏರಿಸುವಾಗ ಬದಲಾಯಿಸೋಣ" ಅಂದುಕೊಂಡಿದ್ದೆ. ಏರಿಸುವ ದಿನ ಮಳೆ ಬರುವ ಹಾಗಿತ್ತು.

ನಗುವ ವಿಷಯ ಇಷ್ಟೇ ಆಗಿದ್ದರೆ ಈ ಕಂತು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಗುಂಡಿಯನ್ನು ನಾನು ಮಾಡಿದ್ದೇ ನಮ್ಮ ಬೀದಿಯ ಮೇಷ್ಟ್ರಿಗಾಗಿ. ರಿಟೈರ್ ಆದಮೇಲೆ ಅವರಿಗೆ ಎರಡೂ ಕಣ್ಣು ಹೋಗಿದೆ. ಆ ಭಾನುವಾರ ಚಿರತೆ ಎಂದದ್ದು ಅವರ ಬೆರಳಿಗೆ. ರಸ್ತೆಯ ಈಚೆ ಕಂಬ ಹಿಡಿದುಕೊಂಡು, ಯಾರಾದರೂ ಬಂದು ಕೈಹಿಡಿಯುವವರೆಗೆ ಹಾಗೇ ನಿಂತಿದ್ದರಂತೆ. ಸಂಜೆ ಹೋಗಿ ಕ್ಷಮೆ ಕೇಳಿದೆ. ಬೈಯಲಿಲ್ಲ. "ಪರವಾಗಿಲ್ಲಪ್ಪ, ನಾನು ಮೊದಲಿನ ಹಾಗೆ ಕೋಲು ತಟ್ಕೊಂಡೇ ದಾಟ್ತೀನಿ ಬಿಡು" ಅಂದರು. ಬೈದಿದ್ದರೆ ವಾಸಿಯಿತ್ತು.

ನಮ್ಮ ಹುಡುಗನದು ಹೊಸ ವಿದ್ಯೆಯೂ ಅಲ್ಲ. 2025ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ, ಮೆನ್ಲೊ ಪಾರ್ಕ್, ರೆಡ್‌ವುಡ್ ಸಿಟಿಗಳಲ್ಲಿ ರಸ್ತೆ ದಾಟುವ ಗುಂಡಿಗಳು ಇದ್ದಕ್ಕಿದ್ದಂತೆ ಇಲಾನ್ ಮಸ್ಕ್, ಮಾರ್ಕ್ ಜುಕರ್‌ಬರ್ಗ್ ದನಿಯ ನಕಲಿನಲ್ಲಿ ಮಾತಾಡಲು ಶುರುಮಾಡಿದವು. ಕೆಲವೇ ದಿನದಲ್ಲಿ ಸಿಯಾಟಲ್‌ನ ಗುಂಡಿಗಳಿಗೆ ಜೆಫ್ ಬೆಜೋಸ್ ದನಿ ಬಂತು. ಆ ಗುಂಡಿಗಳನ್ನು ಬ್ಲೂಟೂತ್‌ನಲ್ಲಿ ಹೊಂದಿಸುವ ಆ್ಯಪ್ ಯಾರು ಬೇಕಾದರೂ ಇಳಿಸಿಕೊಳ್ಳುವಂತಿತ್ತು, ಕಾರ್ಖಾನೆಯಿಂದ ಬರುವ ಪಾಸ್‌ವರ್ಡ್ 1234 ಎಂದು ಕೈಪಿಡಿಯಲ್ಲೇ ಅಚ್ಚಾಗಿತ್ತು. ಪಾಲೊ ಆಲ್ಟೊದವರು ಮೊದಲು ಮಾಡಿದ ಕೆಲಸ ಗುಂಡಿಗಳ ಮಾತನ್ನೇ ನಿಲ್ಲಿಸಿದ್ದು. ಪತ್ರಿಕೆಗಳಲ್ಲೆಲ್ಲ ಮಸ್ಕ್ ದನಿಯ ತಮಾಷೆಯೇ. ಆ ವಾರ ಅಲ್ಲಿನ ಕಣ್ಣು ಕಾಣದವರು ಹೇಗೆ ದಾಟಿದರು ಎಂದು ನಾನೂ ಆಗ ಯೋಚಿಸಿರಲಿಲ್ಲ. ಅದಕ್ಕೂ ಮೊದಲು, 2009ರ ಜನವರಿಯಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ರಸ್ತೆ ಕಾಮಗಾರಿಯ ಮಿನುಗು ಬೋರ್ಡು "ಮುಂದೆ ಜಾಂಬಿಗಳಿವೆ" ಅಂದಿತ್ತು. ಅವರಿಗೆ ಜಾಂಬಿ, ನಮಗೆ ಚಿರತೆ.

ಸರಿ, ಈಗ ಮೂಲ ತಲೆನೋವು. ನಾಲ್ಕು ಕಂಬಕ್ಕೆ ನಾಲ್ಕು ಬೇರೆ ಬೇರೆ ಪಾಸ್‌ವರ್ಡ್. ಕೇಳಲು ಹತ್ತು ನಿಮಿಷದ ಕೆಲಸ. ನನಗೆ ಹನ್ನೊಂದು ದಿನ ಹಿಡಿಯಿತು.

ಮೊದಲ ಉಪಾಯ, ಎಲ್ಲರಿಗೂ ಹೊಳೆಯುವುದೇ: ಪ್ರತಿ ಚಿಪ್ಪಿಗೂ ತನ್ನದೇ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಡುವ ಗುರುತಿನ ಸಂಖ್ಯೆ) ಇದೆಯಲ್ಲ, ಅದನ್ನು ಹ್ಯಾಶ್ ಮಾಡಿ, ಅಂದರೆ ಲೆಕ್ಕದಲ್ಲಿ ಅರೆದು ಗುರುತು ಸಿಗದ ಹಾಗೆ ಮಾಡಿ, ಪಾಸ್‌ವರ್ಡ್ ತೆಗೆದರಾಯಿತು. ಬರೆದು ಮುಗಿಸಿ ಕಾಫಿ ಕುಡಿಯುವಾಗ ಫೋನಿನ ವೈಫೈ ಸ್ಕ್ಯಾನರ್ ತೆರೆದೆ. ಗುಂಡಿ-1ರ ಪಕ್ಕದಲ್ಲೇ ಅದರ ಮ್ಯಾಕ್ ವಿಳಾಸ ರಾರಾಜಿಸುತ್ತಿದೆ. ಬೀಗದ ಮೇಲೆ ಕೀ ಸಂಖ್ಯೆ ಕೊರೆದು ನೇತುಹಾಕಿದ ಹಾಗೆ. ಕೋಡ್ ಒಬ್ಬನ ಕೈಗೆ ಸಿಕ್ಕರೆ ನಾಲ್ಕೂ ಹೋದಂತೆಯೇ. 2008ರಲ್ಲಿ ಥಾಮ್ಸನ್ ಕಂಪನಿಯ ಸ್ಪೀಡ್‌ಟಚ್ ರೂಟರ್‌ಗಳಿಗೂ ಇದೇ ಗತಿಯಾಗಿತ್ತು: ಸೀರಿಯಲ್ ನಂಬರಿನ ಒಂದೇ ಹ್ಯಾಶಿನ ಒಂದು ತುದಿ ವೈಫೈ ಹೆಸರು, ಇನ್ನೊಂದು ತುದಿ ಪಾಸ್‌ವರ್ಡ್. ಹೆಸರು ನೋಡಿ ಪಾಸ್‌ವರ್ಡ್ ಲೆಕ್ಕ ಹಾಕಬಹುದಿತ್ತು. ಅಳಿಸಿದೆ.

ಎರಡನೆಯದು: ಮೊದಲ ಸಲ ಕರೆಂಟು ಕೊಟ್ಟಾಗ ಚಿಪ್ಪೇ ಒಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸಿ, ಎನ್‌ವಿಎಸ್‌ನಲ್ಲಿ (ಕರೆಂಟು ಹೋದರೂ ಅಳಿಯದ ನೆನಪಿನ ಮೂಲೆ) ಬರೆದುಕೊಂಡು, ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡಿನ ಮಾತನ್ನು ಕಂಪ್ಯೂಟರಿನಲ್ಲಿ ಓದುವ ಕಿಟಕಿ) ತೋರಿಸುವುದು. ಹನ್ನೆರಡಂಕಿ ಇಟ್ಟೆ. ಎಂಟಂಕಿಯಾದರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವವನಿಗೆ ಕೆಲವೇ ನಿಮಿಷದ ಕೆಲಸ. ಮೊದಲ ಬೋರ್ಡು: 4091 7362 5518. ಲೇಬಲ್ ಪ್ರಿಂಟರಿನಲ್ಲಿ ತೆಗೆದೆ. ಎರಡನೇ ಬೋರ್ಡು: 4091 7362 5518. ಕಣ್ಣುಜ್ಜಿಕೊಂಡು ಮೂರನೆಯದಕ್ಕೆ ಚುಚ್ಚಿದೆ. 4091 7362 5518. ನಾಲ್ಕನೆಯದನ್ನು ಚುಚ್ಚುವಾಗಲೇ ಗೊತ್ತಿತ್ತು.

ಗೊತ್ತಿರುವವರು ಇಷ್ಟೊತ್ತಿಗೆ ನಗುತ್ತಿದ್ದೀರಿ. ನಾನು ನಗಲಿಲ್ಲ, ದಾಖಲೆ ಓದಲು ಕೂತೆ. ಇಎಸ್‌ಪಿ32ರ ರ್ಯಾಂಡಮ್ ಸಂಖ್ಯೆ ನಿಜವಾಗಿ ಯಾದೃಚ್ಛಿಕವಾಗಬೇಕಾದರೆ ವೈಫೈ ಅಥವಾ ಬ್ಲೂಟೂತ್ ರೇಡಿಯೋ ಚಾಲೂ ಇರಬೇಕು, ಇಲ್ಲವೇ ಇನ್ನೊಂದು ಗದ್ದಲದ ಮೂಲವನ್ನು ನಾವೇ ತೆರೆಯಬೇಕು. ರೇಡಿಯೋ ಮಲಗಿದ್ದರೆ ಅದು ಬರೀ ಸೋಗಿನ ಯಾದೃಚ್ಛಿಕ. ನನ್ನ ಕೋಡಿನಲ್ಲಿ ಹಾಟ್‌ಸ್ಪಾಟ್ ಏಳಬೇಕಾದರೆ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಸರಿಯಾಗಿ ಹುಟ್ಟಬೇಕಾದರೆ ರೇಡಿಯೋ ಎದ್ದಿರಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಸಿಕ್ಕಿತು ಕಳ್ಳ ಅಂದುಕೊಂಡು ಮೊದಲು ಸ್ಟೇಷನ್ ಮೋಡಿನಲ್ಲಿ (ಹಾಟ್‌ಸ್ಪಾಟ್ ಆಗದೆ, ಫೋನಿನ ಹಾಗೆ) ರೇಡಿಯೋ ಎಬ್ಬಿಸಿ, ಆಮೇಲೆ ಸಂಖ್ಯೆ ಹುಟ್ಟಿಸಿ, ಆಮೇಲೆ ಹಾಟ್‌ಸ್ಪಾಟಿಗೆ ಬದಲಾಯಿಸುವಂತೆ ಬರೆದೆ. ನಾಲ್ಕಕ್ಕೂ ಏರಿಸಿದೆ.

4091 7362 5518.

ಆ ರಾತ್ರಿ ಬೋರ್ಡ್ ಮಾರಿದವನ ಮೇಲೆ ಅನುಮಾನ ಬಂತು. ನಕಲಿ ಚಿಪ್ಪೇ ಇರಬೇಕು. ಆ ಆನ್‌ಲೈನ್ ಅಂಗಡಿಯವನು ಚಿತ್ರದಲ್ಲಿ ಒಂದು ಯುಎಸ್‌ಬಿ ಚಿಪ್ಪು ತೋರಿಸಿ ಡಬ್ಬಿಯಲ್ಲಿ ಇನ್ನೊಂದು ಕಳಿಸಿದ್ದ, ಕೇಳಿದ್ದಕ್ಕೆ "ಸೇಮ್ ವರ್ಕಿಂಗ್ ಸರ್" ಅಂದಿದ್ದ. ಅವನಿಗೆ ಕಳಿಸಲು ಒಂದು ಉದ್ದನೆಯ ಮೆಸೇಜನ್ನೂ ಬರೆದಿಟ್ಟೆ. ಪುಣ್ಯ, ಕಳಿಸಲಿಲ್ಲ. ಮರುದಿನ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿಗೆ ಹೋಗುವ ಗೆಳೆಯನ ಕೈಲಿ ಬೇರೆ ಕಡೆಯ ಒಂದು ಬೋರ್ಡು ತರಿಸಿ, ಅದೇ ಕೋಡ್ ಹಾಕಿದೆ. ಬೇರೆ ಸಂಖ್ಯೆ ಬಂತು! ಗೆದ್ದೆ ಅಂದುಕೊಂಡು ಅರ್ಧ ನಿಮಿಷ ಕಳೆದಿರಲಿಲ್ಲ, ಆ ಬೋರ್ಡಿಗೂ ಹಳೆಯ ನಾಲ್ಕಕ್ಕೂ ಇರುವ ಇನ್ನೊಂದು ವ್ಯತ್ಯಾಸ ನೆನಪಾಯಿತು.

ಆಡಿಯೋ ಫೈಲುಗಳನ್ನು ಪ್ರತಿ ಬೋರ್ಡಿಗೂ ಬೇರೆಯಾಗಿ ಏರಿಸುವ ಸೋಮಾರಿತನಕ್ಕೆ ನಾನು ಮೊದಲ ಬೋರ್ಡಿನ ಇಡೀ 4 ಎಂಬಿ ಫ್ಲ್ಯಾಶನ್ನು ಇಎಸ್‌ಪಿಟೂಲ್ ಎಂಬ ತಂತ್ರಾಂಶದಿಂದ ಓದಿ, ಉಳಿದ ಮೂರಕ್ಕೆ ಹಾಗೇ ಅಚ್ಚು ಹೊಡೆದಿದ್ದೆ. ಇಡೀ ಅಂದರೆ ಇಡೀ. ಹೆಕ್ಸ್ 9000 ಎಂಬ ವಿಳಾಸದಿಂದ ಶುರುವಾಗುವ ಎನ್‌ವಿಎಸ್ ಕೂಡ ಅದರಲ್ಲೇ, ಅದರೊಳಗೆ ಮೊದಲ ಬೋರ್ಡಿನ ಪಾಸ್‌ವರ್ಡೂ. ಕೋಡ್ ಮತ್ತೆ ಮತ್ತೆ ಏರಿಸಿದರೂ ಎನ್‌ವಿಎಸ್ ಅಳಿಯುವುದಿಲ್ಲ. "ಪಾಸ್‌ವರ್ಡ್ ಈಗಾಗಲೇ ಇದ್ದರೆ ಹೊಸದು ಬೇಡ" ಎಂದು ನಾನೇ ಜಾಣತನದಿಂದ ಬರೆದಿದ್ದ ಸಾಲು, ನಾನು ಮಾಡಿದ ರಿಪೇರಿಯನ್ನೆಲ್ಲ ಮರ್ಯಾದೆಯಿಂದ ಹಿಂದಕ್ಕೆ ಕಳಿಸುತ್ತಿತ್ತು. ಇರೇಸ್ ಫ್ಲ್ಯಾಶ್ ಒತ್ತಿದೆ. ನಾಲ್ಕು ಬೋರ್ಡು, ನಾಲ್ಕು ಸಂಖ್ಯೆ. ಐದು ದಿನ ಇದಕ್ಕೆ.

ಕಾರ್ಖಾನೆಗಳಲ್ಲೂ ಹೀಗೇ ಆಗುತ್ತಿರಬೇಕು ಅನ್ನಿಸಿತು. ಒಂದು ಅಚ್ಚು, ಲಕ್ಷ ಮಾಲು. 2016ರಲ್ಲಿ ಮಿರಾಯ್ ಎಂಬ ಕಂಪ್ಯೂಟರ್ ಹುಳು (ತಾನೇ ಹರಡುವ ಕೆಟ್ಟ ಕೋಡು) ಅಷ್ಟೊಂದು ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದದ್ದು ಅರವತ್ತು ಚಿಲ್ಲರೆ ಡೀಫಾಲ್ಟ್ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಇಟ್ಟುಕೊಂಡು. ಅಂದಹಾಗೆ ಮುಂದಿನ ಪ್ರಾಜೆಕ್ಟ್‌ಗೆ ಇದೇ ಭಯ: "ನೀರುಗಂಟಿ". ನಮ್ಮ ಬಡಾವಣೆಗೆ ಎರಡು ದಿನಕ್ಕೊಮ್ಮೆ ನೀರು, ಯಾವ ಬೀದಿಯ ವಾಲ್ವ್ ಎಷ್ಟು ಹೊತ್ತು ತೆರೆದಿತ್ತು ಎಂಬುದೇ ಇಲ್ಲಿನ ಮಹಾಯುದ್ಧ. ದೂರಕ್ಕೆ ಮುಟ್ಟುವ ಲೋರಾ ರೇಡಿಯೋ, ಅಯಸ್ಕಾಂತ ಗುರುತಿಸುವ ಹಾಲ್ ಸೆನ್ಸರ್, ವಾಲ್ವ್ ಚಕ್ರಕ್ಕೆ ಒಂದು ಅಯಸ್ಕಾಂತ. ಬರೀ ನೋಡುವುದು, ತಿರುಗಿಸುವುದು ಇಲ್ಲ. ತಿರುಗಿಸುವ ಮೋಟಾರು ಇಡೋಣ ಅಂತ ಇಬ್ಬರು ಆಗಲೇ ಕೇಳಿದ್ದಾರೆ. ಚಿರತೆ ಬಂದಮೇಲೆ ನನಗೆ ಆ ಧೈರ್ಯ ಇಲ್ಲ.

ಮತ್ತೆ ಗುಂಡಿಗೆ. ಪಾಸ್‌ವರ್ಡ್ ಬೇರೆ ಬೇರೆ ಆದದ್ದೇ ಹೊಸ ತಕರಾರು ಎದ್ದಿತು. ರಿಪೇರಿಗೆ ಏಣಿ ಹತ್ತುವವನು ನಾನಲ್ಲ, ಸಂಘದ ಎಲೆಕ್ಟ್ರಿಷಿಯನ್ ಮಂಜಣ್ಣ. ಒಂದು ಕೈಯಲ್ಲಿ ಕಂಬ, ಒಂದು ಕೈಯಲ್ಲಿ ಫೋನು, ಹನ್ನೆರಡಂಕಿ. "ಸಾರ್, ನಾಲ್ಕಕ್ಕೂ ಒಂದೇ ಇಟ್ಟುಬಿಡಿ, ನಂಗೆ ನೆನಪಿರತ್ತೆ" ಅಂದ. 2014ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಅಲ್ಲಿನ ರಸ್ತೆ ಸಂಸ್ಥೆಯ ಒಪ್ಪಿಗೆ ಪಡೆದು ನೂರರ ಹತ್ತಿರ ಸಿಗ್ನಲ್‌ಗಳ ಜಾಲ ಪರೀಕ್ಷಿಸಿದಾಗ ಕಂಡದ್ದೂ ಇದೇ: ಗೂಢಲಿಪಿ ಇಲ್ಲದ ರೇಡಿಯೋ, ಬದಲಾಯಿಸದ ಕಾರ್ಖಾನೆ ಪಾಸ್‌ವರ್ಡು. ಅದು ಬರೀ ಉದಾಸೀನ ಅಂತ ಮೊದಲು ಓದಿದಾಗ ಅಂದುಕೊಂಡಿದ್ದೆ. ಅಲ್ಲೂ ಏಣಿಯ ಮೇಲೆ ಒಬ್ಬ ಮಂಜಣ್ಣ ಇದ್ದಿರಬೇಕು.

ಆ ವರದಿಯಲ್ಲೇ ನನಗೆ ಬೇಕಾದ ಇನ್ನೊಂದು ಸಂಗತಿ ಸಿಕ್ಕಿತು. ಜಾಲಕ್ಕೆ ನುಗ್ಗಿದರೂ ಎರಡೂ ಕಡೆ ಒಟ್ಟಿಗೆ ಹಸಿರು ಕೊಡಲು ಅವರಿಗೆ ಆಗುವಂತಿರಲಿಲ್ಲ. ಕ್ಯಾಬಿನೆಟ್ಟಿನಲ್ಲಿ ಬೇರೆಯದೇ ಒಂದು ಹಾರ್ಡ್‌ವೇರ್ ಕಾವಲು ಇರುತ್ತದೆ, ಎಡವಟ್ಟು ಕಂಡರೆ ಎಲ್ಲವನ್ನೂ ಕೆಂಪು ಮಿನುಗಿಗೆ ತಳ್ಳುತ್ತದೆ. ನಾನೂ ಹಳದಿ ದೀಪವನ್ನು ಇಎಸ್‌ಪಿಯಿಂದ ಪೂರ್ತಿ ಬಿಡಿಸಿ, ಗುಂಡಿಯಿಂದ ನೇರ ಒಂದು 555 ಟೈಮರಿಗೆ (ಹೊತ್ತು ಅಳೆಯುವ ಸಾದಾ ಚಿಪ್ಪು, ಒಳಗೆ ಕೋಡೇ ಇಲ್ಲ) ಕಟ್ಟಿದೆ. ಇನ್ನು ಯಾರು ಏನೇ ಅಪ್‌ಲೋಡ್ ಮಾಡಲಿ, ದೀಪ ಇಪ್ಪತ್ತು ಸೆಕೆಂಡು ಮಿನುಗಿಯೇ ಮಿನುಗುತ್ತದೆ. 555ಕ್ಕೆ ಪಾಸ್‌ವರ್ಡ್ ಇಲ್ಲ, ವೈಫೈಯೂ ಇಲ್ಲ.

ಹಾಟ್‌ಸ್ಪಾಟ್ ಈಗ ಸದಾ ಏಳುವುದಿಲ್ಲ. ಡಬ್ಬಿಯೊಳಗೆ ಒಂದು ಚಿಕ್ಕ ಸ್ವಿಚ್ಚು, ಐದು ಸೆಕೆಂಡು ಅದುಮಿದರೆ ಎರಡು ನಿಮಿಷ ಏಳುತ್ತದೆ, ಆಮೇಲೆ ತಾನೇ ಮಲಗುತ್ತದೆ. ಪಾಸ್‌ವರ್ಡನ್ನು ಕ್ಯೂಆರ್ ಮಾಡಿ ಮುಚ್ಚಳದ ಒಳಮೈಗೆ ಅಂಟಿಸಿದ್ದೇನೆ, ಮಂಜಣ್ಣ ಫೋನು ತೋರಿಸಿದರೆ ಸಾಕು. ಮೊದಲ ಲೇಬಲ್‌ಗಳು ಥರ್ಮಲ್ ಕಾಗದದವು. "ವೆದರ್‌ಪ್ರೂಫ್" ಅಂತ ಮಾರಿದ್ದ ಪುಣ್ಯಾತ್ಮ. ಬಿಸಿಲಿಗೆ ಡಬ್ಬಿ ಕಾದು ಒಂದೇ ವಾರದಲ್ಲಿ ಇಡೀ ಚೀಟಿ ಇದ್ದಿಲಿನ ಹಾಗೆ ಕಪ್ಪಾಯಿತು. ಈಗ ಲೇಸರ್ ಪ್ರಿಂಟು, ಮೇಲೆ ಪಾರದರ್ಶಕ ಟೇಪು.

ಬದಲಾದ ಗುಂಡಿಗಳನ್ನು ಮೇಷ್ಟ್ರಿಗೆ ವಿವರಿಸಿದೆ. ಪೂರ್ತಿ ಕೇಳಿ, "ದೀಪ ಮಿನುಗುತ್ತಾ ಇದೆ ಅಂತ ನನಗೆ ಹೆಂಗೆ ಗೊತ್ತಾಗಬೇಕು, ಮಾತಿನ ಮೇಲೆ ಮತ್ತೆ ನಂಬಿಕೆ ಇಡಬೇಕು ಅಷ್ಟೆ ತಾನೆ?" ಅಂದರು. ಉತ್ತರ ಇರಲಿಲ್ಲ. ಮನೆಗೆ ಬಂದು 555ರ ಔಟ್‌ಪುಟ್ಟಿಗೆ ಹಳೇ ಫೋನಿನ ಒಂದು ವೈಬ್ರೇಷನ್ ಮೋಟಾರು ಸೇರಿಸಿದೆ. ದೀಪಕ್ಕೆ ಕರೆಂಟು ಹರಿಯುತ್ತಿದ್ದರೆ ಗುಂಡಿ ಬೆರಳ ಕೆಳಗೆ ಗುರ್ ಅನ್ನುತ್ತದೆ. ಮೊನ್ನೆ ಒತ್ತಿ ನೋಡಿದರು. ಇಪ್ಪತ್ತು ಸೆಕೆಂಡು ಮುಗಿಯುವವರೆಗೂ ಬೆರಳು ತೆಗೆಯಲಿಲ್ಲ, ದಾಟಲೂ ಇಲ್ಲ. ಇನ್ನೊಂದು ಸಲ ಒತ್ತಿದರು. ಆಮೇಲೆ ದಾಟಿದರು.

ಮೂರು ಕಂಬ ಆಗಿದೆ. ನಾಲ್ಕನೆಯದಕ್ಕೆ ನಿನ್ನೆ ಡಬ್ಬಿ ಕೂರಿಸುವಾಗ ನಮ್ಮ ಚಿರತೆ ಹುಡುಗನನ್ನೇ ಏಣಿ ಹಿಡಿಯಲು ನಿಲ್ಲಿಸಿಕೊಂಡಿದ್ದೆ. ಮುಚ್ಚಳಕ್ಕೆ ಬೀಗ ಹಾಕಿ, ತ್ರಿಕೋನದ ಕೀಯನ್ನು ಜೇಬಿಗಿಳಿಸುತ್ತಿದ್ದೆ.

"ಅಂಕಲ್, ಒಂದ್ಸಲ ಕೀ ತೋರ್ಸಿ."

ತೋರಿಸಿದೆ.

"ನಮ್ಮನೆ ಮೀಟರ್ ಬಾಕ್ಸ್ ಕೀನೂ ಇದೇ."

ಅವರ ಮನೆಗೆ ಹೋಗಿ ಆ ಕೀ ತಂದ. ನಾಲ್ಕೂ ಡಬ್ಬಿ ತೆಗೆಯಿತು. ಇವತ್ತು ಹಾರ್ಡ್‌ವೇರ್ ಅಂಗಡಿಗೆ ಹೊರಟಿದ್ದೇನೆ, ಬೀಗ ನೋಡಲು.